ಬೆಟ್ಟದ ಚಹಾ ಮನೆಯಲ್ಲಿ ಚೀಲಗಳ ಕಾವಲು

ಜಪಾನಿನ ಒಂದು ಬೆಟ್ಟದ ಮೇಲೆ, ಬಾಗಿಲು ಮುಚ್ಚಿದ ಚಹಾ ಮನೆಯ ಮುಂದೆ, ಕತ್ತಲಾಗುವ ಹೊತ್ತಿನಲ್ಲಿ ನನ್ನ ಒಡಹುಟ್ಟಿದ ತಮ್ಮನೂ ಅವನ ಹೆಂಡತಿ, ಮಗಳೂ ನನ್ನನ್ನು ಒಂಟಿಯಾಗಿ ಬಿಟ್ಟು ಇಳಿದುಹೋದರು. ಈಗ ಅದು ಅವರಿಗೆ ತಮಾಷೆ. ಗೌರಿಬಿದನೂರಿನ ಮದುವೆಯೊಂದರಲ್ಲಿ ತಮ್ಮನ ಮಗಳು, "ನಮ್ಮತ್ತೆ ಜಪಾನ್ ಬೆಟ್ಟದಲ್ಲಿ ಗಂಟೆ ಬಾರಿಸ್ಕೊಂಡು ಪೂಜೆ ಮಾಡ್ತಿದ್ರು" ಎಂದು ಊಟದ ಪಂಕ್ತಿಯನ್ನೆಲ್ಲ ನಗಿಸಿದಳು. ಆದ್ದರಿಂದ ನಡೆದುದನ್ನು ನಡೆದಂತೆಯೇ ಬರೆದಿಡುತ್ತಿದ್ದೇನೆ.

ನಮ್ಮದು ಶಿಡ್ಲಘಟ್ಟದ ಬೌದ್ಧ ಮನೆತನ. ಆ ಬೆಟ್ಟದ ತುದಿಯಲ್ಲಿರುವ ಬುದ್ಧನ ದೇವಾಲಯವನ್ನು ನೋಡಬೇಕೆಂದು ಮೊದಲು ಮಾತೆತ್ತಿದವಳು ನಾನು. ಚಿಂತಾಮಣಿಯಲ್ಲಿರುವ ತಮ್ಮ ಏರ್ಪಾಡು ಮಾಡಿದ. ಎಲೆ ಕೆಂಪಾಗುವ ಶರತ್ಕಾಲ. ಕಾಲುದಾರಿಯ ತಿರುವುಗಳಲ್ಲಿ ಚಹಾ ಮನೆಗಳು. ಒಂದರಲ್ಲಿ ಹುರಿದ ಎಲೆಯ ಚಹಾ ಕುಡಿದೆವು, ಇನ್ನೊಂದರಲ್ಲಿ ಹೂರಣದಂಥದ್ದನ್ನು ತುಂಬಿದ ಅಕ್ಕಿಯ ಉಂಡೆ ತಿಂದೆವು. ಕೊನೆಯ ಚಹಾ ಮನೆಯಲ್ಲಿ ತಮ್ಮ ಎದ್ದು ನಿಂತ.

"ಅಕ್ಕ, ಇನ್ಮೇಲೆ ಬರೀ ಮೆಟ್ಲು. ನೀನು ಬ್ಯಾಗ್ ನೋಡ್ಕೊಂಡು ಕೂತಿರು. ನಾವು ಬಂದ್ಮೇಲೆ ನಿಧಾನಕ್ಕೆ ನೀನು ಹೋಗಿವಂತೆ."

ನಮ್ಮ ಕಡೆ ಯಾವ ದೇವಸ್ಥಾನಕ್ಕೆ ಹೋದರೂ ಒಬ್ಬರು ಚಪ್ಪಲಿ, ಚೀಲ ಕಾಯುತ್ತ ಹೊರಗೆ ಕೂರುತ್ತಾರೆ. ಆ ಒಬ್ಬರು ಸಾಮಾನ್ಯವಾಗಿ ಮನೆಯ ವಯಸ್ಸಾದ ಹೆಂಗಸು. ಯಾರ ವಸ್ತುವನ್ನೂ ಯಾರೂ ಮುಟ್ಟದ ಆ ದೇಶಕ್ಕೂ ಈ ಪದ್ಧತಿಯನ್ನು ಹೊತ್ತುಕೊಂಡೇ ಹೋಗಿದ್ದೆವು. ಎಲ್ಲರ ಪಾಸ್‌ಪೋರ್ಟುಗಳೂ ಚೀಲಗಳಲ್ಲಿದ್ದವು. ನಾನು ಕುಳಿತೆ.

ಬಿಸಿಲು ಗುಡ್ಡದಾಚೆ ಸರಿಯಿತು. ಚಹಾ ಮನೆಯ ಮುದುಕಿ ಮರದ ಬಾಗಿಲುಗಳನ್ನೆಳೆದು, ಜೊತೆಗೆ ಇಳಿಯೋಣ ಬಾ ಎಂದು ಕೈಸನ್ನೆ ಮಾಡಿದಳು. ನಾನು ಚೀಲಗಳನ್ನು ತೋರಿಸಿ ಒಲ್ಲೆನೆಂದೆ. ಆಕೆ ಕಂಬಕ್ಕೆ ಅಂಟಿಸಿದ್ದ ಕರಡಿಯ ಚಿತ್ರವನ್ನು ಬೆರಳಿಟ್ಟು ತೋರಿಸಿದಳು. ತನ್ನ ಸೊಂಟದ ಪುಟ್ಟ ಗಂಟೆಯನ್ನು ಬಿಚ್ಚಿ ನನ್ನ ಕೈಗಿತ್ತು, ಅಲ್ಲಾಡಿಸುತ್ತಿರು ಎಂದು ಅಭಿನಯಿಸಿ, ತಿರುತಿರುಗಿ ನೋಡುತ್ತ ಇಳಿದುಹೋದಳು.

ಕರಡಿಯೆಂದರೆ ಏನೆಂದು ನಾನು ಬಲ್ಲೆ. ಚಿಕ್ಕಂದಿನಲ್ಲಿ ಪೆರೇಸಂದ್ರದಿಂದ ನಮ್ಮ ಮನೆಗೆ ರೇಷ್ಮೆಗೂಡು ತರುತ್ತಿದ್ದವನೊಬ್ಬನಿಗೆ ಒಂದು ಕೆನ್ನೆಯೇ ಇರಲಿಲ್ಲ. ಸ್ಕಂದಗಿರಿಯ ತಪ್ಪಲಿನಲ್ಲಿ ಕರಡಿ ಕಿತ್ತಿತ್ತು. ಅವನು ಮುಖಕ್ಕೆ ಸುತ್ತಿಕೊಂಡಿದ್ದ ವಲ್ಲಿ ಸರಿದಾಗಲೆಲ್ಲ ಅಮ್ಮನ ಸೆರಗಿನೊಳಗೆ ಅಡಗುತ್ತಿದ್ದೆ. ಆ ಮುಖ ಈಗ ಎದುರಿನ ಪ್ರತಿಯೊಂದು ಮರದ ಕಾಂಡದಲ್ಲೂ ಕಾಣತೊಡಗಿತು.

ನನ್ನ ಫೋನಿಗೆ ಆ ದೇಶದ ಸಿಮ್ ಬೇಡವೆಂದು ತಮ್ಮನೇ ತೀರ್ಮಾನಿಸಿದ್ದ. ಬಿದಿರಿನೊಳಗೆ ಏನೋ ಭಾರವಾದದ್ದು ತರಗೆಲೆ ತುಳಿಯಿತು. ಗಂಟೆ ಅಲ್ಲಾಡಿಸಿದರೆ ಸದ್ದು ನಿಲ್ಲುತ್ತಿತ್ತು. ಕೈ ಸೋತು ನಿಲ್ಲಿಸಿದೊಡನೆ ಹತ್ತಿರದಲ್ಲೇ ಮತ್ತೆ ಕೇಳಿಸುತ್ತಿತ್ತು. ದಿನವೂ ಹೇಳುವ ತ್ರಿಶರಣ ಮೊದಲ ಸಾಲಿಗೇ ನಾಲಿಗೆಯಲ್ಲಿ ಒಣಗಿತು. ಮುಚ್ಚಿದ ಬಾಗಿಲಿಗೆ ಬೆನ್ನು ಒತ್ತಿ, ಚೀಲಗಳನ್ನು ಮಂಡಿಗೆ ಅಡ್ಡವಿಟ್ಟುಕೊಂಡು, ಎರಡೂ ಕೈಯಿಂದ ಗಂಟೆ ಹಿಡಿದು ಬಾರಿಸಿದೆ. ತಮ್ಮನ ಮಗಳು ಹೇಳುವ ಪೂಜೆ ಅದು.

ಕೆಳಗಿನಿಂದ ಟಾರ್ಚಿನ ಬೆಳಕು ಬಂತು. ಮೊದಲು ಬಂದವನು ತಮ್ಮ.

"ಅಕ್ಕ, ಬ್ಯಾಗೆಲ್ಲ ಇದಾವೇನಕ್ಕ?"

"ನೀನು ಕರ್ಕೊಂಡ್ಬರ್ತೀಯ ಅನ್ಕೊಂಡೆ ಕಣಪ್ಪ," ಎಂದು ಮಗಳು ಅವನಿಗೆ ಹೇಳಿದಳು.

"ನಾನು ನೀನು ಅನ್ಕೊಂಡೆ."

ದರ್ಶನ ಮುಗಿಸಿ ಅವರು ಬೆಟ್ಟದ ಆಚೆ ಬದಿಯಿಂದ ರೋಪ್‌ವೇಯಲ್ಲಿ ಇಳಿದಿದ್ದರು. ಉಳಿದದ್ದನ್ನು ತಮ್ಮನ ಹೆಂಡತಿ ನನ್ನ ಕೈ ಉಜ್ಜುತ್ತ ತಾನಾಗಿಯೇ ಹೇಳಿದಳು: "ರೂಮ್ ಕೊಡೋಕೆ ಹೋಟ್ಲೋರು ಪಾಸ್‌ಪೋರ್ಟ್ ಕೇಳಿದ್ರು ನೋಡಿ ಅಕ್ಕ, ಆಗ್ಲೇ ಜ್ಞಾಪಕ ಬಂದಿದ್ದು."

ಬೆಳಗಿನ ರೈಲಿಗೆ ಹೊರಟೆವು. ದೇವಾಲಯವನ್ನು ನಾನು ನೋಡಲಿಲ್ಲ.

ತಮ್ಮಾ, ಹೋಟೆಲಿನವರು ಪಾಸ್‌ಪೋರ್ಟ್ ಕೇಳದೆಯೇ ಬೀಗದ ಕೈ ಕೊಟ್ಟುಬಿಟ್ಟಿದ್ದರೆ, ಆ ಸಂಜೆ ನಿಮ್ಮಲ್ಲಿ ಯಾರಿಗೆ, ಎಷ್ಟು ಹೊತ್ತಿಗೆ, ನನ್ನ ನೆನಪಾಗುತ್ತಿತ್ತು?