ಎಡಗೈ ಗಂಟು

ಗುಡ್ಡದಲ್ಲಿ ಏನೋ ಕಂಡೆ, ಎದೆ ಝಲ್ಲೆಂದಿತು ಎಂದು ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೇಸಿಕೆ. ಕೆಲಸವಿಲ್ಲದವರ ಹರಟೆ ಎಂದು ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಈಗ ಅವರ ಸಾಲಿನಲ್ಲಿ ನಾನೂ ಕೂತು ಬರೆಯುತ್ತಿದ್ದೇನೆ. ನೀವೂ ಎದ್ದು ಹೋದರೆ ನನ್ನ ತಕರಾರಿಲ್ಲ.

ಐದಾರು ವರ್ಷದ ಹಿಂದಿನ ಮಾತು. ಬನಹಟ್ಟಿಯಲ್ಲಿ ನಾವು ಹನ್ನೊಂದು ಮಂದಿ ದಿನಾ ಬೆಳಿಗ್ಗೆ ಕೂಡಿ ವಾಕಿಂಗ್ ಹೋಗುತ್ತಿದ್ದೆವು. ನನ್ನ ಅಕ್ಕನೂ ಇರುತ್ತಿದ್ದಳು. ಒಂದು ದಿನ ಚಹಾ ಕುಡಿಯುವಾಗ, ಬೀಳಗಿ ಕಡೆ ಅನಗವಾಡಿ ಆಚೆಗಿನ ಒಂದು ಗುಡ್ಡ ಹತ್ತೋಣ ಎಂಬ ಮಾತು ಬಂತು. ದಾರಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಬಾಯಿ ಸುಮ್ಮನಿರಬೇಕಲ್ಲ. "ನಾ ಹತ್ತಿ ಬಂದೇನಿ, ಕರಕೊಂಡ ಹೋಗತೇನಿ" ಎಂದುಬಿಟ್ಟೆ. ಬಸ್ಸಿನ ಕಿಟಕಿಯಿಂದ ನೋಡಿದ್ದು ಬಿಟ್ಟರೆ ಆ ಗುಡ್ಡ ನನಗೆ ಏನೇನೂ ಗೊತ್ತಿರಲಿಲ್ಲ. ಅಕ್ಕನಿಗೆ ಮೊಣಕಾಲು ನೋವು. ಅವಳೂ, "ನೀ ಮುಂದ ಇರತೀ ಅಂದ್ರ ನಾನೂ ಬರತೇನಿ" ಎಂದಳು. ಮನೆಗೆ ಬಂದ ಮೇಲೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅದಕ್ಕೇ ಎಲ್ಲರೂ ಹೋಗಬೇಕೆಂದಿದ್ದ ದಿನಕ್ಕಿಂತ ಎರಡು ದಿನ ಮೊದಲು ಒಬ್ಬನೇ ಹೋಗಿ ದಾರಿ ನೋಡಿಕೊಂಡು ಬರಲು ಹೊರಟೆ. ನಮ್ಮದು ನೇಕಾರರ ಮನೆ. ಸೀರೆ ನೇಯ್ದು ಉಳಿದ ಕೆಂಪು ನೂಲಿನ ತುಂಡುಗಳನ್ನು ಕಿಸೆಗೆ ತುಂಬಿಕೊಂಡೆ. ಗಿಡಗಂಟಿಗೆ ಕಟ್ಟುತ್ತ ಹೋದರೆ ಆ ದಿನ ದಾರಿ ತಪ್ಪುವುದಿಲ್ಲ. ಇನ್ನೊಂದು ಮಾತು ಹೇಳಬೇಕು, ನಾನು ಎಡಚ. ಮಗ್ಗದಲ್ಲಿ ಎಳೆ ಕಡಿದಾಗ ನಾನು ಹಾಕುವ ಗಂಟು ಉಲ್ಟಾ ಕೂರುತ್ತದೆ. "ಇದು ನಿಂದ ಗಂಟು, ಕಣ್ಣ ಮುಚ್ಚಿ ಹೇಳತೇನಿ" ಎಂದು ಅಪ್ಪ ಬೈಯುತ್ತಿದ್ದರು. ನಮ್ಮ ಓಣಿಯಲ್ಲಿ ಹಾಗೆ ಗಂಟು ಹಾಕುವವರು ಇನ್ನೊಬ್ಬರಿರಲಿಲ್ಲ.

ಗುಡ್ಡದ ಬುಡವೆಲ್ಲ ಹೊಲಸು. ಗುಟ್ಕಾ ಚೀಟಿ, ಒಡೆದ ಬಾಟಲಿ, ಉಂಡು ಎಸೆದ ತಟ್ಟೆ. ಮೂಗು ಮುಚ್ಚಿಕೊಂಡು ಹತ್ತಿದೆ. ಮೊದಲ ನೂಲು ಕಟ್ಟಲು ಒಂದು ಜಾಲಿ ಕೊಂಬೆ ಹಿಡಿದರೆ, ಅಲ್ಲಿ ಆಗಲೇ ಒಂದು ನೂಲಿತ್ತು. ಬಿಸಿಲಿಗೆ ಕೆಂಪು ಬಣ್ಣ ಹೋಗಿ ಬಿಳಿಚಿತ್ತು. ಗಂಟು ಉಲ್ಟಾ ಕೂತಿತ್ತು.

ಯಾರೋ ಎಡಚ ಬಂದಿರಬೇಕು ಎಂದುಕೊಂಡೆ. ಮುಂದೆ ಇನ್ನೊಂದು ಕಂಡಿತು, ಅದರಾಚೆ ಮತ್ತೊಂದು. ಎಲ್ಲಿ ಕಟ್ಟಬೇಕೆಂದು ನಾನು ಕೈ ಚಾಚುತ್ತೇನೋ ಅಲ್ಲೇ ಇರುತ್ತಿತ್ತು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ನನ್ನನ್ನು ನೋಡಿ, "ಮತ್ತ ಬಂದ್ರೇನ್ರಿ?" ಎಂದರು.

"ಇಲ್ರೀ ಅಜ್ಜಾ, ನಾ ಇದ ಮೊದಲನೇ ಸಲ ಬರಾಕತ್ತೇನಿ."

"ಹೋದ ಸಲಾನೂ ಹಿಂಗ ಅಂದಿದ್ರಿ" ಎಂದು ಅವರು ನನ್ನ ಕಾಲ ಹತ್ತಿರವೇ ತಂಬಾಕು ಉಗುಳಿ, ಕುರಿ ಹೊಡೆದುಕೊಂಡು ಹೋದರು.

ಸಿಟ್ಟು ಬಂತು. ಮುದುಕನಿಗೆ ಕಣ್ಣು ಕಾಣಿಸಲಿಕ್ಕಿಲ್ಲ ಎಂದು ಬೈದುಕೊಳ್ಳುತ್ತ ನೂಲಿನ ಜಾಡು ಹಿಡಿದೇ ಮೇಲೆ ಹೋದೆ. ನಡುಮಧ್ಯಾಹ್ನದ ಬಿಸಿಲು. ಎಲ್ಲಿಂದಲೋ ಗಬ್ಬು ನಾತ ಹೊಡೆಯತೊಡಗಿತು. ದಾರಿ ಒಂದು ಬಂಡೆ ಸುತ್ತಿ ತಟ್ಟನೆ ನಿಂತಿತು. ಮುಂದೆ ನೆಲವಿಲ್ಲ, ಆಳವಾದ ಕೊರಕಲು. ಕೆಳಗೆ ಸತ್ತದ್ದೇನೋ ಕೊಳೆತು ಬಿದ್ದಿತ್ತು, ನೊಣ ಮುತ್ತಿದ್ದವು. ಕುರಿಯೇ ಇರಬೇಕು. ನಾನು ಸರಿಯಾಗಿ ನೋಡಲಿಲ್ಲ. ಅಲ್ಲೇ ಕೂತು ವಾಂತಿ ಮಾಡಿಕೊಂಡೆ.

ಬಾಯಿ ಒರೆಸಿ ತಲೆ ಎತ್ತಿದಾಗ ಅಂಚಿನ ಗಿಡದಲ್ಲಿ ಕೊನೆಯ ನೂಲು ಕಂಡಿತು. ಕಟ್ಟುತ್ತಿದ್ದವರು ಗಂಟನ್ನು ಅರ್ಧಕ್ಕೇ ಬಿಟ್ಟಿದ್ದರು.

ಹೇಗೆ ಇಳಿದೆನೋ ನೆನಪಿಲ್ಲ. ಕಿಸೆಯ ನೂಲನ್ನೆಲ್ಲ ದಾರಿಯಲ್ಲೇ ಎಸೆದೆ. ಮರುದಿನ ಬೆಳಿಗ್ಗೆ ಎಲ್ಲರೆದುರು, "ನಾ ಸುಳ್ಳ ಹೇಳಿದ್ದೆ. ಆ ಗುಡ್ಡ ನನಗ ಗೊತ್ತಿಲ್ಲ, ಹೋಗೂದು ಬ್ಯಾಡ" ಎಂದೆ. "ಥೂ, ಇಷ್ಟೇನ ನಿನ್ನ ಮಾತು" ಎಂದು ಒಬ್ಬರು ಮುಖ ಸಿಂಡರಿಸಿದರು. ಉಗಿಸಿಕೊಳ್ಳುವಂಥ ಕೆಲಸವನ್ನೇ ಮಾಡಿದ್ದೆ.

ಎಲ್ಲರೂ ಹೋದ ಮೇಲೆ ಅಕ್ಕ ಹತ್ತಿರ ಬಂದಳು. "ಖರೆ ಹೇಳು. ಆ ಗುಡ್ಡ ಮೊದಲ ಎಂದಾದ್ರೂ ಹತ್ತಿದ್ದಿಯೋ ಇಲ್ಲೋ?"

"ಇಲ್ಲ" ಎಂದೆ. ಹನ್ನೊಂದು ಮಂದಿಯ ನಡುವೆ ಸುಳ್ಳು ಹೇಳುವಾಗ ತೊದಲದ ನನ್ನ ನಾಲಿಗೆ, ಅಕ್ಕನಿಗೆ ಆ ಒಂದು ಖರೆ ಹೇಳುವಾಗ ತೊದಲಿತು.