ನಾನು ವಾಪಸ್ ಕಳಿಸಿದ ಆಟೋ

ಪಕ್ಕದ ಮನೆಯ ರುದ್ರಣ್ಣ ಮೊಬೈಲಿನಲ್ಲಿ ಕರೆಸಿದ್ದ ಆಟೋ ನಮ್ಮ ಗೇಟಿಗೆ ಬಂದಾಗ, "ಬ್ಯಾಡ, ಹೋಗಪ್ಪ" ಎಂದು ನಾನೇ ಕಳಿಸಿಬಿಟ್ಟೆ. ಹರಿಹರದ ಬಸ್ಸಿಗೆ ಹೊರಟಾಗಲೆಲ್ಲ ನನ್ನ ಹೆಂಡತಿ ಆಟೋಗಾಗಿ ಅವರನ್ನೇ ಕೂಗುತ್ತಾಳೆ, ನನ್ನನ್ನು ಒಮ್ಮೆಯೂ ಕೇಳಿದವಳಲ್ಲ. ಆ ಹೊಟ್ಟೆಕಿಚ್ಚು ನನಗೆ.

ಚೀಲ ಹಿಡಿದು ಹೊರಬಂದವಳು, ಆಗಷ್ಟೇ ತಮ್ಮ ಮನೆಯಿಂದ ಬಂದ ಅವರನ್ನು ನೋಡಿ, "ಎಲ್ರೀ ರುದ್ರಣ್ಣ, ನಿಮ್ಮ ಆಟೋ?" ಎಂದು ನಕ್ಕಳು.

"ರದ್ದಾಗೇತಿ ಅಂತ ತೋರಸ್ತೈತೆ ತಂಗೆವ್ವ. ನಾನ ಏನೋ ತಪ್ಪು ಒತ್ತಿರಬೇಕು" ಎಂದ ರುದ್ರಣ್ಣ, ಬಿಸಿಲಲ್ಲಿ ಕೋಲೂರಿಕೊಂಡು ವಿನೋಬನಗರದ ಸರ್ಕಲ್‌ವರೆಗೆ ನಡೆದು ಆಟೋ ತಂದರು. ಅದನ್ನು ಕಳಿಸಿದ್ದು ನಾನೆಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ.

ಈಗ ಆಟೋ ಕರೆಸುವ ಮೊದಲು ಅವರು, "ಸರಿ ಐತೇನ್ರಿ, ಒಮ್ಮೆ ನೋಡ್ರಿ" ಎಂದು ಮೊಬೈಲನ್ನು ನನ್ನ ಕೈಗೇ ಕೊಡುತ್ತಾರೆ. ನಾನಿದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆಯನ್ನೂ ತರಿಸುವವರು ಅವರೇ. ಓದಿ ಮುಗಿಸಿ ನನಗೆ ತಂದುಕೊಡುತ್ತಾರೆ. ಇದು ಅಚ್ಚಾದ ದಿನ ಬಾಗಿಲಲ್ಲೇ ನಿಂತು ಅವರ ದಾರಿ ಕಾಯುತ್ತೇನೆ.