ಫ್ಲ್ಯಾಪ್‌ಜ್ಯಾಕ್‌ಗೆ ಹಾಕಿದ ಶೇಂಗಾ ಪುಡಿ

ಮಗಳು ನನ್ನನ್ನು ನೆದರ್ಲೆಂಡಿನ ಹೇಗ್ ನಗರಕ್ಕೆ ಕರೆಸಿಕೊಳ್ಳುವ ಮೊದಲು ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದಳು. ಓಟ್ಸನ್ನು ಬೆಣ್ಣೆ, ಕಂದು ಸಕ್ಕರೆ, ಸಿಹಿ ಪಾಕದಲ್ಲಿ ಕಲಸಿ ಓವನ್ನಿನಲ್ಲಿ ಬೇಯಿಸಿ ಬಿಲ್ಲೆ ಕತ್ತರಿಸುವ ಫ್ಲ್ಯಾಪ್‌ಜ್ಯಾಕ್ ಅವಳು ಅಲ್ಲಿ ಕಲಿತದ್ದು. ಇಲ್ಲಿಯ ಶಾಲೆಗಳಲ್ಲಿ ಹುಟ್ಟುಹಬ್ಬದ ಮಗುವೇ ಇಡೀ ತರಗತಿಗೆ ತಿಂಡಿ ಒಯ್ಯಬೇಕು. ಮೊಮ್ಮಗಳು ಅದೇ ಬೇಕೆಂದಳು. ಮಗಳಿಗೆ ಹಿಂದಿನ ಸಂಜೆ ಆಫೀಸಿನ ಆನ್‌ಲೈನ್ ಮೀಟಿಂಗು; ಕಲಸುವ ಕೆಲಸ ನನಗೆ ಬಂತು.

"ಅಪ್ಪಾ, ನಾ ಹೇಳಿದ್ದಷ್ಟ ಹಾಕ್ರಿ. ನಿಮ್ಮ ತಲಿ ಓಡಿಸಬ್ಯಾಡ್ರಿ," ಎಂದು ನಗುತ್ತ ಮಹಡಿ ಹತ್ತಿದಳು.

ಓಡಿಸಿದೆ. ಕಲಸಿದ್ದು ಉದುರುದುರಾಗಿ ಕಂಡಿತು. ನಮ್ಮ ಕಡೆ ಬದನೆಕಾಯಿ ಪಲ್ಯದಿಂದ ಹೋಳಿಗೆಯವರೆಗೆ ಶೇಂಗಾ ಪುಡಿ ಇಲ್ಲದೆ ನಡೆಯುವುದಿಲ್ಲ. ಊರಿಂದ ತಂದ ಡಬ್ಬಿಯಿಂದ ಒಂದು ಹಿಡಿ ಹಾಕಿದೆ. ಬಿಲ್ಲೆಗಳು ಒಡೆಯದೆ ಬಂದವು. ತರಗತಿಗೆ ಬೇಕಾದಷ್ಟೇ ಇದ್ದುದರಿಂದ ಮನೆಯಲ್ಲಿ ಯಾರೂ ರುಚಿ ನೋಡಲಿಲ್ಲ. "ಭಾಳ ಚಂದ ಬಂದಾವು," ಎಂದಳು ಮಗಳು. ನಾನು ಗುಟ್ಟು ಬಿಡಲಿಲ್ಲ.

ಬೆಳಿಗ್ಗೆ ಬಿಲ್ಲೆಗಳ ಡಬ್ಬಿಯನ್ನು ಸೈಕಲ್ಲಿನ ಬುಟ್ಟಿಗಿಟ್ಟು, ಮೊಮ್ಮಗಳನ್ನು ಹಿಂದೆ ಕೂರಿಸಿ ಮಗಳೆಂದಳು: "ಓಟ್ಸ್ ಮಾಡಿದ್ದ ಚಲೋ ಆತು. ಕ್ಲಾಸಿನ್ಯಾಗ ಒಬ್ಬ ಹುಡುಗಗ ಅಲರ್ಜಿ ಐತಿ. ಶೇಂಗಾ ತಿಂದ್ರ ಉಸಿರ ಕಟ್ಟತೈತಂತ. ಇದನ್ನ ಅವನೂ ತಿನ್ನಬಹುದು."

ಒಂದು ಹಿಡಿ, ಅಷ್ಟು ಬಿಲ್ಲೆಗಳಿಗೆ ಹಂಚಿಹೋದರೆ ಎಷ್ಟಾದೀತು ಎಂದು ಲೆಕ್ಕ ಹಾಕುತ್ತ ನಿಂತೆ. ಪುಡಿ ಹಾಕಿದ್ದು ತಿಳಿಯದೆ. ಈ ಲೆಕ್ಕ ತಿಳಿದೇ ಹಾಕಿದೆ. ಅಷ್ಟರಲ್ಲಿ ಸೈಕಲ್ಲು ತಿರುವು ದಾಟಿತು.

ಫೋನು ಮಾಡಿದೆ, ಎತ್ತಲಿಲ್ಲ. ಮನೆಯ ಚಪ್ಪಲಿಯಲ್ಲೇ ಹೊರಟೆ. ಹಳಿಯ ಹತ್ತಿರ ಟ್ರಾಮ್ ಅಡ್ಡ ಬಂತು. ಅದು ಸಾಗುವವರೆಗೆ, ನಾನೆಂದೂ ನೋಡದ ಆ ಹುಡುಗ ಕೊರಳು ಹಿಡಿದುಕೊಂಡು ಒದ್ದಾಡುವುದು ಕಣ್ಣಿಗೆ ಕಟ್ಟಿತು. ನಾನು ಶಾಲೆ ಮುಟ್ಟುವಷ್ಟರಲ್ಲಿ ಮಗಳು ಆಫೀಸಿಗೆ ಹೊರಟುಹೋಗಿದ್ದಳು. ಶಾಲೆಯ ಬಾಗಿಲು ಮುಚ್ಚಿತ್ತು. ಗಂಟೆ ಒತ್ತುತ್ತಲೇ ಇದ್ದೆ.

ಬಾಗಿಲು ತೆರೆದ ಟೀಚರಿಗೆ, "ಪೀನಟ್! ನಾನೇ ಹಾಕಿದ್ದು!" ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಕೂಗಿದೆ. ಆಕೆ ಓಡಿ ಒಳಹೋಗಿ ಡಬ್ಬಿ ತಂದರು. ಇನ್ನೂ ಹಂಚಿರಲಿಲ್ಲ. ಟೀಚರು ಬೈಯಲಿಲ್ಲ. ಅವರ ಹಿಂದೆ ಕಾಗದದ ಕಿರೀಟ ಹಾಕಿಕೊಂಡ ಮೊಮ್ಮಗಳು ನಿಂತಿದ್ದಳು.

"ಅಜ್ಜಾ, ವೈ? ಈಗ ನಾ ಎಲ್ಲಾರಿಗೂ ಏನ್ ಕೊಡ್ಲಿ?"

ಡಬ್ಬಿ ಎತ್ತಿಕೊಂಡು ಬಂದೆ.

ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ, ಬಾಗಿಲಲ್ಲಿ ಹಾಕಿದ ಲೆಕ್ಕವನ್ನೂ. ಅವಳು ನಾನು ಕಲಸಿದ ಪಾತ್ರೆಯನ್ನು ಎತ್ತಿ ಬದಿಗಿಟ್ಟಳು. ಆಮೇಲೆ, "ಆ ಪಾತ್ರಿ ಬ್ಯಾಡ. ಹೊಸಾದು ತರ್ತೀನಿ. ನೀವ ಕಲಸ್ರಿ, ನಾ ಬಾಜೂಕ ನಿಂತಿರ್ತೀನಿ," ಎಂದಳು.

ಮರುದಿನ ಹೊಸ ಬಿಲ್ಲೆಗಳು ಶಾಲೆಗೆ ಹೋದವು. ನಾನೂ ಹೋದೆ. ಶಾಲೆ ಬಿಡುವವರೆಗೆ ಗೇಟಿನ ಹೊರಗೆ ನಿಂತಿದ್ದೆ. ಆ ಹುಡುಗ ಯಾರೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ಹೊರಗೆ ಬಂದ ಒಬ್ಬೊಬ್ಬ ಹುಡುಗನನ್ನೂ, ಸರಿಯಾಗಿ ಉಸಿರಾಡುತ್ತಿದ್ದಾನೆಯೇ ಎಂದು ನೋಡಿದೆ.